ದಾವೀದನ ಮಗನೋ, ದಾವೀದನ ಒಡೆಯನೋ?



ಕೆಲವು ತಿಂಗಳ ಹಿಂದೆ ಭಾನುವಾರದ ಬಲಿಪೂಜೆ ಮುಗಿಸಿ ಹೊರಗೆ ಬರುತ್ತಿದ್ದಾಗ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗ ಕುವೈತಿನಲ್ಲಿ ಕೆಲಸದಲ್ಲಿದ್ದಾನೆ. ಒಂದೇ ಕೋಣೆಯಲ್ಲಿ ಆರು ಮಂದಿ. ಅವರಲ್ಲಿ ಮೂವರು ಮುಸ್ಲಿಮರು. ಒಳ್ಳೆಯ ಹುಡುಗರು, ಇವನಿಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟವರು. ಒಂದು ರಾತ್ರಿ ಮಾತಿಗೆ ಮಾತು ಬೆಳೆದು ಅವರಲ್ಲೊಬ್ಬ ಕೇಳಿದನಂತೆ: "ನಾವೂ ಈಸಾ ಮಸೀಹರನ್ನು ಗೌರವಿಸುತ್ತೇವೆ. ಆದರೆ 'ನಾನೇ ದೇವರು' ಎಂದು ಅವರು ಎಲ್ಲಿ ಹೇಳಿದ್ದಾರೆ? ನಿಮ್ಮ ಪುಸ್ತಕದಲ್ಲೇ ತೋರಿಸು." ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ಫೋನಿನಲ್ಲಿ ತಾಯಿಯನ್ನು ಕೇಳಿದ. ತಾಯಿಗೂ ಹೊಳೆಯಲಿಲ್ಲ. "ಮೇಷ್ಟ್ರೇ, ಐವತ್ತು ವರ್ಷದಿಂದ ಜಪಸರ ಮಾಡ್ತಾ ಇದ್ದೀನಿ. ಮಗನಿಗೆ ಒಂದು ಮಾತು ಹೇಳೋಕೆ ಆಗಲಿಲ್ಲವಲ್ಲ" ಎಂದಾಗ ಅವರ ಕಣ್ಣು ತುಂಬಿತ್ತು.

ಆಗ ನಾನು ಕೊಟ್ಟ ಉತ್ತರ ಹೇಳಿಕೊಳ್ಳುವಂಥದ್ದೇನಲ್ಲ. "ಯೊವಾನ್ನನ ಶುಭಸಂದೇಶ ಓದಲು ಹೇಳಿ ಅಮ್ಮಾ" ಎಂದು ಹೇಳಿ ಸೈಕಲ್ ಹತ್ತಿದೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಇಪ್ಪತ್ತು ವರ್ಷ ಧರ್ಮೋಪದೇಶ ಕಲಿಸಿದವನು ಕೊಡಬೇಕಾದ ಉತ್ತರ ಅದಾಗಿರಲಿಲ್ಲ. ಅಂದು ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೈಬಲನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಒಳ್ಳೆಯದು.

'ಕ್ರಿಸ್ತ' ಎಂದರೆ ಏನು?

ನಮ್ಮ ತರಗತಿಯ ಮಕ್ಕಳನ್ನು ಕೇಳಿ ನೋಡಿ. 'ಯೇಸು' ಹೆಸರು, 'ಕ್ರಿಸ್ತ' ಮನೆತನದ ಹೆಸರು ಎಂದೇ ಬಹಳ ಮಕ್ಕಳು ತಿಳಿದಿರುತ್ತಾರೆ. "ಹಾಗಾದರೆ ಸಂತ ಜೋಸೆಫರೂ ಕ್ರಿಸ್ತರೇನು ಸರ್?" ಎಂದು ಒಬ್ಬಳು ಪುಟ್ಟ ಹುಡುಗಿ ಕೇಳಿದ್ದಳು. ನಕ್ಕುಬಿಡುವ ಪ್ರಶ್ನೆಯಲ್ಲ ಅದು. ದೊಡ್ಡವರಾದ ನಮಗೂ ಆ ಪದದ ಅರ್ಥ ಮಸುಕಾಗಿಯೇ ಇದೆ.

ಹೀಬ್ರೂ ಭಾಷೆಯ 'ಮಷೀಹ', ಗ್ರೀಕಿನ 'ಕ್ರಿಸ್ತೋಸ್', ಕುವೈತಿನ ಆ ಗೆಳೆಯನ ಬಾಯಲ್ಲಿ ಬಂದ 'ಮಸೀಹ', ಈ ಮೂರಕ್ಕೂ ಅರ್ಥ ಒಂದೇ: ಅಭಿಷಿಕ್ತ, ಎಣ್ಣೆ ಸುರಿಸಿಕೊಂಡವನು. ಪಟ್ಟಾಭಿಷೇಕ ಎಂಬ ಪದ ಬಲ್ಲ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೆತ್ಲೆಹೇಮಿನಲ್ಲಿ ಕುರಿ ಕಾಯುತ್ತಿದ್ದ ಕಿರಿಯ ಹುಡುಗ ದಾವೀದನನ್ನು ಕರೆಸಿ, ಅಣ್ಣಂದಿರ ಎದುರಿಗೆ ಪ್ರವಾದಿ ಸಮುವೇಲನು ಕೊಂಬಿನಲ್ಲಿದ್ದ ಎಣ್ಣೆಯನ್ನು ಅವನ ತಲೆಯ ಮೇಲೆ ಸುರಿದ (1 ಸಮುವೇಲ 16). ಅಂದಿನಿಂದ ಅವನು ಅಭಿಷಿಕ್ತ. ನಿಮ್ಮ ಮಗುವಿನ ಜ್ಞಾನಸ್ನಾನದ ದಿನ ಗುರುಗಳು ನೆತ್ತಿಗೆ ಹಚ್ಚಿದ ಕ್ರಿಸ್ಮ ತೈಲದ ಹೆಸರಿಗೂ 'ಕ್ರಿಸ್ತ' ಎಂಬ ಹೆಸರಿಗೂ ಬೇರು ಒಂದೇ. ಪವಿತ್ರ ವಾರದ ಸಮಯದಲ್ಲಿ ಧರ್ಮಾಧ್ಯಕ್ಷರು ತಮ್ಮ ಗುರುಗಳ ನಡುವೆ ಪವಿತ್ರೀಕರಿಸುವ ತೈಲ ಅದು.

ಇಲ್ಲಿ ಒಂದು ಮಾತನ್ನು ಧೈರ್ಯವಾಗಿ ಒಪ್ಪಿಕೊಳ್ಳಬೇಕು. 'ಅಭಿಷಿಕ್ತ' ಎಂಬ ಪದಕ್ಕೆ 'ದೇವರು' ಎಂಬ ಅರ್ಥವಿಲ್ಲ. ಸೌಲನೂ ಅಭಿಷಿಕ್ತ, ದಾವೀದನೂ ಅಭಿಷಿಕ್ತ, ಮಹಾಯಾಜಕ ಆರೋನನೂ ಅಭಿಷಿಕ್ತ. ಅಷ್ಟೇ ಏಕೆ, ಇಸ್ರಯೇಲಿನ ದೇವರನ್ನು ಅರಿಯದ ಪರ್ಷಿಯಾದ ಅರಸ ಸೈರಸನನ್ನು (ಬೈಬಲಿನಲ್ಲಿ ಕೋರೆಷ) ಸರ್ವೇಶ್ವರರು ತಮ್ಮ ಅಭಿಷಿಕ್ತ ಎಂದು ಕರೆಯುತ್ತಾರೆ (ಯೆಶಾಯ 45:1). ಈ ಅಧ್ಯಾಯವನ್ನು ನೆನಪಿಟ್ಟುಕೊಳ್ಳಿ. ಮತ್ತೆ ಅದಕ್ಕೆ ಬರಬೇಕಾಗಿದೆ.

ಆದ್ದರಿಂದ "ಯೇಸು ಮೆಸ್ಸೀಯ" ಎಂದು ಒಪ್ಪಿದ ಮಾತ್ರಕ್ಕೆ "ಯೇಸು ದೇವರು" ಎಂದು ಒಪ್ಪಿದಂತಾಗುವುದಿಲ್ಲ. ಕುರಾನ್ ಯೇಸುವನ್ನು ಮಸೀಹ ಎಂದು ಕರೆದರೂ ದೇವರೆಂದು ಹೇಳುವುದಿಲ್ಲ. ಯೆಹೂದ್ಯರು ಇಂದಿಗೂ ಮೆಸ್ಸೀಯನನ್ನು ದೇವರೆಂದು ನಿರೀಕ್ಷಿಸುವುದಿಲ್ಲ. ರೋಮಿನ ಆಳ್ವಿಕೆಯ ಕೆಳಗೆ ನರಳುತ್ತಿದ್ದ ಅಂದಿನ ಜನ ಕಾಯುತ್ತಿದ್ದುದು ಹೆಚ್ಚಾಗಿ ದಾವೀದನ ವಂಶದ ಒಬ್ಬ ಅರಸನನ್ನು. ಹೀಗಿರುವಾಗ, ದೇವರು ಒಬ್ಬರೇ ಎಂಬ ಧರ್ಮೋಪದೇಶಕಾಂಡದ ಆಜ್ಞೆಯನ್ನು (6:4) ಬೆಳಗ್ಗೆ ಸಂಜೆ ಪಠಿಸುತ್ತಾ ಬೆಳೆದ ಯೆಹೂದಿ ಬೆಸ್ತರು, ತಮ್ಮ ಜೊತೆ ಉಂಡು ಮಲಗಿ ನಡೆದಾಡಿದ ಒಬ್ಬರ ಮುಂದೆ ಮೊಣಕಾಲೂರಿದ್ದು ಹೇಗೆ? ನಮ್ಮ ನಿಜವಾದ ಪ್ರಶ್ನೆ ಇದು.

ದೇವಾಲಯದಲ್ಲಿ ಒಂದು ಪ್ರಶ್ನೆ

ಉತ್ತರದ ತುದಿ ಯೇಸುಸ್ವಾಮಿಯವರೇ ಕೇಳಿದ ಒಂದು ಪ್ರಶ್ನೆಯಲ್ಲಿದೆ. ಪಾಡಿಗೆ ಕೆಲವೇ ದಿನಗಳ ಮುಂಚೆ, ಜೆರುಸಲೇಮಿನ ದೇವಾಲಯದಲ್ಲಿ ಬೋಧಿಸುತ್ತಿದ್ದಾಗ ಅವರು ಕೇಳಿದರು (ಮಾರ್ಕ 12:35-37). ಮೆಸ್ಸೀಯನು ದಾವೀದನ ಮಗ ಎಂದು ಧರ್ಮಶಾಸ್ತ್ರಿಗಳು ಹೇಳುತ್ತಾರಲ್ಲ. ಹಾಗಾದರೆ 110ನೇ ಕೀರ್ತನೆಯಲ್ಲಿ ದಾವೀದನೇ ಆತನನ್ನು ತನ್ನ ಒಡೆಯನೆಂದು ಕರೆದಿರುವುದೇಕೆ? ಸರ್ವೇಶ್ವರರು ಆ ಒಡೆಯನನ್ನು ತಮ್ಮ ಬಲಗಡೆಯಲ್ಲಿ ಕೂರಿಸುತ್ತಾರೆ ಎಂದು ಆ ಕೀರ್ತನೆ ಆರಂಭವಾಗುತ್ತದೆ.

ನಮ್ಮ ಮನೆಗಳ ರೀತಿಯನ್ನೇ ನೆನೆಯಿರಿ. ಮೊಮ್ಮಗ ತಾತನನ್ನು ಬಹುವಚನದಲ್ಲಿ ಮಾತನಾಡಿಸುತ್ತಾನೆ. ತಾತ ಮೊಮ್ಮಗನನ್ನು "ಬಾರೋ" ಎನ್ನುತ್ತಾನೆ. ಯಾವ ತಾತನೂ ತನ್ನ ಮರಿಮಗನ ಮುಂದೆ ಕೈ ಕಟ್ಟಿ ನಿಂತು "ನನ್ನೊಡೆಯಾ" ಎನ್ನುವುದಿಲ್ಲ. ಅದರಲ್ಲೂ ದಾವೀದ ಅರಸ. ಭೂಮಿಯ ಮೇಲೆ ಅವನಿಗೆ ಒಡೆಯನಿರಲಿಲ್ಲ. ಹಾಗಾದರೆ ಯಾರು ಈತ?

ಯೇಸುಸ್ವಾಮಿ ತಾವು ದಾವೀದನ ಮಗ ಎಂಬುದನ್ನು ನಿರಾಕರಿಸಲಿಲ್ಲ. ಜೆರಿಕೋವಿನ ಕುರುಡ ಭಿಕ್ಷುಕ ಬಾರ್ತಿಮಾಯ ಆ ಹೆಸರಿನಿಂದಲೇ ಕೂಗಿದಾಗ ನಿಂತು, ಕರೆಸಿ, ಕಣ್ಣು ಕೊಟ್ಟರು. ಅವರ ಪ್ರಶ್ನೆಯ ಅರ್ಥ 'ಅಷ್ಟೇ ಅಲ್ಲ' ಎಂದು. ಆ ದಿನ ಉತ್ತರವನ್ನೂ ಅವರು ಹೇಳಲಿಲ್ಲ. ಕೇಳಿ ಸುಮ್ಮನಾದರು. ಆಮೇಲೆ ಅವರನ್ನು ಪ್ರಶ್ನಿಸಲು ಯಾರಿಗೂ ಧೈರ್ಯವಾಗಲಿಲ್ಲ ಎಂದು ಮತ್ತಾಯ ಬರೆಯುತ್ತಾನೆ.

ಹೀಬ್ರೂ ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ: ಕೀರ್ತನೆಯಲ್ಲಿ 'ಒಡೆಯ' ಎಂಬುದಕ್ಕೆ ಇರುವ ಪದವನ್ನು ಮನುಷ್ಯರಾದ ಯಜಮಾನರಿಗೂ ಬಳಸುತ್ತಾರೆ ಎಂದು. ನಿಜವೇ. ಆ ಒಂದು ಪದದ ಮೇಲೆ ಧರ್ಮಸಭೆ ತನ್ನ ವಿಶ್ವಾಸವನ್ನು ಕಟ್ಟಿಲ್ಲ. ದೇವರ ಬಲಗಡೆಯಲ್ಲಿ ಕುಳಿತುಕೊಳ್ಳುವ ಅಧಿಕಾರ ಯಾರಿಗಿದೆ, ಯೇಸು ಆ ಅಧಿಕಾರವನ್ನು ಹೇಗೆ ನಡೆಸಿದರು ಎಂಬುದೇ ಮುಖ್ಯ.

ಬಾಯಿಂದಲ್ಲ, ನಡೆಯಿಂದ

ಕುವೈತಿನ ಗೆಳೆಯ ಕೇಳಿದ ಮಾತು, 'ನಾನೇ ದೇವರು' ಎಂಬ ಅದೇ ಅಕ್ಷರಗಳಲ್ಲಿ ಶುಭಸಂದೇಶಗಳಲ್ಲಿ ಇಲ್ಲ. ಇದೆ ಎಂದು ಸುಳ್ಳು ಹೇಳಬಾರದು. ಯೆಹೂದ್ಯರಿಗೆ 'ದೇವರು' ಎಂದರೆ ಸ್ವರ್ಗದಲ್ಲಿರುವ ಪಿತ. ಯೇಸು ಆ ಮಾತನ್ನು ಹಾಗೆಯೇ ಆಡಿದ್ದರೆ, ಒಂದೋ ತಾವೇ ಪಿತನೆಂದೋ ಇಲ್ಲವೇ ಎರಡನೆಯ ದೇವರೊಬ್ಬರು ಹುಟ್ಟಿಕೊಂಡರೆಂದೋ ಜನ ತಿಳಿಯುತ್ತಿದ್ದರು. ಎರಡೂ ತಪ್ಪು. ಅವರು ಬೇರೆ ದಾರಿ ಹಿಡಿದರು.

ಕಫೆರ್ನವುಮಿನಲ್ಲಿ ನಾಲ್ವರು ತಮ್ಮ ಗೆಳೆಯನನ್ನು ಮಾಳಿಗೆ ಬಿಚ್ಚಿ ಕೆಳಗಿಳಿಸಿದ ಕಥೆ ನಿಮಗೆಲ್ಲ ಗೊತ್ತು (ಮಾರ್ಕ 2:1-12). ಯೇಸು ಮೊದಲು ಗುಣಪಡಿಸಲಿಲ್ಲ. ಅವನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದರು. ಅಲ್ಲಿ ಕುಳಿತಿದ್ದ ಧರ್ಮಶಾಸ್ತ್ರಿಗಳು ಮನಸ್ಸಿನಲ್ಲೇ ಕುದಿದರು. ಪಾಪ ಕ್ಷಮಿಸುವುದು ದೇವರೊಬ್ಬರಿಗೇ ಸೇರಿದ್ದಲ್ಲವೇ? ಅವರ ತರ್ಕ ಸರಿಯಾಗಿಯೇ ಇತ್ತು. ನನ್ನ ಪಕ್ಕದ ಮನೆಯವರು ನಿಮ್ಮ ಸಾಲವನ್ನು ಮನ್ನಾ ಮಾಡಲು ಬಾರದು. ಸಾಲ ಕೊಟ್ಟವರೇ ಮಾಡಬೇಕು. ಯೇಸು ಅವರ ತರ್ಕವನ್ನು ತಿದ್ದಲಿಲ್ಲ. ಆ ಅಧಿಕಾರ ತಮಗಿದೆ ಎಂದು ತೋರಿಸಲು ರೋಗಿಯನ್ನು ಎಬ್ಬಿಸಿ ಹಾಸಿಗೆ ಹೊರಿಸಿ ಮನೆಗೆ ಕಳುಹಿಸಿದರು.

ಪ್ರವಾದಿಗಳು ಮಾತನಾಡುವಾಗ ಸರ್ವೇಶ್ವರರು ಹೀಗೆ ನುಡಿಯುತ್ತಾರೆ ಎಂದು ಆರಂಭಿಸುತ್ತಿದ್ದರು. ಯೇಸು ಬೆಟ್ಟದ ಮೇಲೆ ಬೋಧಿಸುವಾಗ 'ನಾನು ಹೇಳುತ್ತೇನೆ' ಎಂದರು. ಅಬ್ರಹಾಮನು ಹುಟ್ಟುವುದಕ್ಕೆ ಮುಂಚೆಯೇ ತಾವು ಇರುವವರು ಎಂದಾಗ (ಯೊವಾನ್ನ 8:58) ಜನ ಕಲ್ಲೆತ್ತಿಕೊಂಡರು. ಉರಿಯುವ ಪೊದೆಯಲ್ಲಿ ದೇವರು ಮೋಶೆಗೆ ತಿಳಿಸಿದ ಹೆಸರಿನ ಧ್ವನಿ ಆ ಮಾತಿನಲ್ಲಿದ್ದುದನ್ನು ಅವರ ಕಿವಿ ಗುರುತಿಸಿತ್ತು.

ಕೊನೆಗೆ ಮಹಾಯಾಜಕನ ಅಂಗಳ (ಮಾರ್ಕ 14:61-64). ನೀನು ಮೆಸ್ಸೀಯನೋ ಎಂದು ನೇರವಾಗಿ ಕೇಳಲಾಯಿತು. ಯೇಸು ಹೌದೆಂದರು. ಅಲ್ಲಿಗೇ ನಿಲ್ಲಿಸಿದ್ದರೆ ರೋಮನರ ಕಣ್ಣಿಗೆ ರಾಜದ್ರೋಹಿಯಾಗುತ್ತಿದ್ದರೇ ಹೊರತು ದೇವದೂಷಕರಾಗುತ್ತಿರಲಿಲ್ಲ. ಅವರು ನಿಲ್ಲಿಸಲಿಲ್ಲ. ಮನುಷ್ಯಪುತ್ರನು ದೇವರ ಬಲಗಡೆಯಲ್ಲಿ ಕುಳಿತಿರುವುದನ್ನೂ ಮೇಘಗಳೊಡನೆ ಬರುವುದನ್ನೂ ನೀವೇ ಕಾಣುವಿರಿ ಎಂದರು. ಬಲಗಡೆಯ ಮಾತು 110ನೇ ಕೀರ್ತನೆಯದು. ಮೇಘಗಳ ಮಾತು ದಾನಿಯೇಲನ ದರ್ಶನದ್ದು (7:13). ದೇವಾಲಯದಲ್ಲಿ ಉತ್ತರವಿಲ್ಲದೆ ಬಿಟ್ಟಿದ್ದ ಪ್ರಶ್ನೆಗೆ ಪ್ರಾಣ ತೆತ್ತು ಉತ್ತರ ಕೊಟ್ಟದ್ದು ಇಲ್ಲಿ. ಮಹಾಯಾಜಕ ಬಟ್ಟೆ ಹರಿದುಕೊಂಡ. ಅವನಿಗೆ ಅರ್ಥವಾಗಿತ್ತು.

ಒಂದೇ ಅಧ್ಯಾಯ, ಎರಡು ಮಾತು

ಈಗ ಯೆಶಾಯನ 45ನೇ ಅಧ್ಯಾಯಕ್ಕೆ ಮರಳೋಣ. ಮೊದಲ ವಚನದಲ್ಲಿ ಸೈರಸ್ ಎಂಬ ಮಾನವ ಅಭಿಷಿಕ್ತ ಇದ್ದಾನೆ. ಅದೇ ಅಧ್ಯಾಯದ 23ನೇ ವಚನದಲ್ಲಿ ಸರ್ವೇಶ್ವರರು ತಮ್ಮ ಮೇಲೇ ಆಣೆಯಿಟ್ಟು, ಪ್ರತಿಯೊಂದು ಮೊಣಕಾಲೂ ತಮ್ಮ ಮುಂದೆಯೇ ಬಾಗುವುದು ಎನ್ನುತ್ತಾರೆ. ತಮ್ಮ ಹೊರತು ಬೇರೆ ದೇವರಿಲ್ಲ ಎಂದು ಅದರ ಹಿಂದುಮುಂದೆ ಮತ್ತೆ ಮತ್ತೆ ಒತ್ತಿ ಹೇಳುತ್ತಾರೆ. ಅಭಿಷಿಕ್ತ ಬೇರೆ, ದೇವರು ಬೇರೆ. ಯೆಶಾಯನಲ್ಲಿ ಇದು ಹಗಲಿನಷ್ಟು ಸ್ಪಷ್ಟ.

ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರ ತೆಗೆಯಿರಿ (2:6-11). ಶಿಲುಬೆಯ ಮರಣದವರೆಗೂ ತಮ್ಮನ್ನು ತಗ್ಗಿಸಿಕೊಂಡ ಯೇಸುವಿನ ಹೆಸರಿಗೆ ಪ್ರತಿಯೊಂದು ಮೊಣಕಾಲೂ ಬಾಗುವುದು ಎಂದು ಅಲ್ಲಿದೆ. ಫರಿಸಾಯನಾಗಿ ಬೆಳೆದ ಪೌಲನಿಗೆ ಯೆಶಾಯನ ಆ ಮಾತು ದೇವರೊಬ್ಬರಿಗೇ ಮೀಸಲಾದದ್ದು ಎಂದು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಬರೆದ. ಕೊರಿಂಥಿಯವರಿಗೆ ಬರೆದ ಮೊದಲ ಪತ್ರದಲ್ಲಿ (8:6) ಇನ್ನೂ ಮುಂದೆ ಹೋಗಿ, ಬೆಳಗ್ಗೆ ಸಂಜೆಯ ಆ ಯೆಹೂದಿ ಪ್ರಾರ್ಥನೆಯ ಒಳಗೇ ಯೇಸುವಿನ ಹೆಸರನ್ನು ಇಡುತ್ತಾನೆ: ದೇವರು ಒಬ್ಬರೇ, ಅವರು ಪಿತ, ಪ್ರಭು ಒಬ್ಬರೇ, ಅವರು ಯೇಸುಕ್ರಿಸ್ತ. ಎರಡನೆಯ ದೇವರನ್ನು ಅವನು ಸೇರಿಸಲಿಲ್ಲ. ಒಬ್ಬರೇ ದೇವರು ಎಂಬ ಮಾತಿನ ಒಳಕ್ಕೇ ಮಗನನ್ನು ಕಂಡ.

ಈ ಪತ್ರ ಬರೆದದ್ದು ಕ್ರಿ.ಶ. 55ರ ಸುಮಾರಿಗೆ, ಯೇಸುಸ್ವಾಮಿ ಶಿಲುಬೆಯ ಮೇಲೆ ಮಡಿದು ಹೆಚ್ಚುಕಡಿಮೆ ಇಪ್ಪತ್ತೈದು ವರ್ಷಕ್ಕೆ. ಅವರನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದ ಕಾಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. 2003ರಲ್ಲಿ ಬಂದ ಒಂದು ಇಂಗ್ಲಿಷ್ ಕಾದಂಬರಿ, ಆಮೇಲೆ ಅದರ ಸಿನಿಮಾ, ಯೇಸುವನ್ನು ದೇವರನ್ನಾಗಿ ಮಾಡಿದ್ದು 325ರಲ್ಲಿ ನೈಸಿಯಾದಲ್ಲಿ ನಡೆದ ಮತದಾನ ಎಂಬ ಮಾತನ್ನು ಹರಡಿತು. ನಮ್ಮ ಕಾಲೇಜು ಮಕ್ಕಳೂ ಅದನ್ನು ಇತಿಹಾಸವೆಂದೇ ನಂಬಿದ್ದಾರೆ. ನೈಸಿಯಾ ಇದ್ದದ್ದು ಬಿಥೀನಿಯ ಎಂಬ ರೋಮನ್ ಪ್ರಾಂತದಲ್ಲಿ. ಆ ಸಭೆಗೆ ಇನ್ನೂರು ವರ್ಷ ಮುಂಚೆಯೇ, 112ರ ಸುಮಾರಿಗೆ, ಅದೇ ಪ್ರಾಂತದ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಕಾಗದ ಬರೆದಿದ್ದ. ಕ್ರೈಸ್ತರು ಗೊತ್ತಾದ ದಿನ ನಸುಕಿನಲ್ಲಿ ಸೇರಿ, ದೇವರಿಗೆ ಹಾಡುವಂತೆ ಕ್ರಿಸ್ತನಿಗೆ ಸ್ತುತಿ ಹಾಡುತ್ತಾರೆ ಎಂದು ವರದಿ ಮಾಡಿದ್ದ. ಅವನು ಕ್ರೈಸ್ತನಲ್ಲ, ಕ್ರೈಸ್ತರನ್ನು ವಿಚಾರಣೆ ಮಾಡಿ ಶಿಕ್ಷಿಸುತ್ತಿದ್ದವನು. ಅವನ ಸಾಕ್ಷಿಗೆ ಬೆಲೆ ಹೆಚ್ಚು.

ನೈಸಿಯಾದಲ್ಲಿ ನಡೆದದ್ದು

ಹಾಗಾದರೆ ನೈಸಿಯಾದ ಮಹಾಸಭೆ ಯಾತಕ್ಕೆ? ಅಲೆಕ್ಸಾಂಡ್ರಿಯಾದ ಗುರು ಆರಿಯಸ್ ಎಂಬಾತ, ದೇವಪುತ್ರ ಎಲ್ಲಕ್ಕಿಂತ ಶ್ರೇಷ್ಠ, ಆದರೆ ಸೃಷ್ಟಿಯೇ. ಅವರಿಲ್ಲದ ಕಾಲವೊಂದಿತ್ತು ಎಂದು ಬೋಧಿಸಿದ. ಭಕ್ತಿಯ ಮಾತಿನಂತೆ ಕೇಳಿಸುತ್ತದೆ, ದೇವರ ಏಕತ್ವವನ್ನು ಕಾಪಾಡುವಂತೆ. ಇಂದಿಗೂ ಇದೇ ಮಾತನ್ನು ಪುಸ್ತಿಕೆಗಳೊಡನೆ ನಮ್ಮ ಮನೆಬಾಗಿಲಿಗೆ ತರುವವರಿದ್ದಾರೆ. ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ಧರ್ಮಾಧ್ಯಕ್ಷರನ್ನು ಕರೆಸಿದ. ಪರಂಪರೆಯ ಲೆಕ್ಕದಲ್ಲಿ ಅವರು 318 ಮಂದಿ. ಮಗನು ತಂದೆಯೊಡನೆ ಒಂದೇ ಸತ್ತ್ವದವರು ಎಂದು ಅವರು ಘೋಷಿಸಿದರು, ಗ್ರೀಕಿನಲ್ಲಿ 'ಹೊಮೊಊಸಿಯೋಸ್'. ಬೈಬಲಿನಲ್ಲಿಲ್ಲದ ಪದ ಎಂದು ಆಗಲೇ ಗೊಣಗಿದವರಿದ್ದರು. ಆದರೆ ಬೈಬಲಿನ ಪದಗಳನ್ನೆಲ್ಲ ಆರಿಯಸನ ಕಡೆಯವರು ತಮ್ಮ ಅರ್ಥಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ತಿರುಗಿಸಲಾಗದ ಪದವೊಂದು ಬೇಕಾಗಿತ್ತು.

ಸಭೆ ಮುಗಿದರೂ ಜಗಳ ಮುಗಿಯಲಿಲ್ಲ. ಅಲ್ಲಿ ಯುವ ಉಪಯಾಜಕನಾಗಿ ಹಾಜರಿದ್ದ ಅಥನಾಸಿಯಸ್ 328ರಲ್ಲಿ ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷರಾದರು. ಈ ಒಂದು ವಿಶ್ವಾಸಕ್ಕಾಗಿ ಐದು ಸಲ ಗಡೀಪಾರಾದರು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯೊಡನೆ ಈ ವಿಶ್ವಾಸ ಪ್ರಮಾಣ ನಾವು ಬಲಿಪೂಜೆಯಲ್ಲಿ ಹೇಳುವ ರೂಪಕ್ಕೆ ಬಂತು. ನೈಸಿಯಾ ಈಗ ತುರ್ಕಿ ದೇಶದ ಇಜ್ನಿಕ್ ಎಂಬ ಊರು. 1700 ವರ್ಷ ತುಂಬಿದ 2025ರ ನವೆಂಬರಿನಲ್ಲಿ ಪೋಪ್ ಹದಿನಾಲ್ಕನೇ ಲಿಯೋ ಅವರು ಅಲ್ಲಿಗೆ ಹೋಗಿ ಇತರ ಸಭೆಗಳ ಮುಖಂಡರೊಡನೆ ಪ್ರಾರ್ಥಿಸಿದರು.

ಕುವೈತಿನ ಗೆಳೆಯ ಇಲ್ಲಿಗೆ ಸುಮ್ಮನಾಗಲಾರ. "ನಿಮ್ಮ ಯೇಸು ಹಸಿದರಲ್ಲ, ಅತ್ತರಲ್ಲ? ಪಿತನು ತನಗಿಂತ ದೊಡ್ಡವರು ಎಂದರಲ್ಲ? ಕೊನೆಯ ದಿನ ಯಾವಾಗ ಎಂದು ಮಗನಿಗೂ ತಿಳಿಯದು ಎಂದರಲ್ಲ?" ಎಂದು ಕೇಳಿಯೇ ಕೇಳುತ್ತಾನೆ. ಕೇಳಲಿ. ಈ ಮಾತುಗಳೆಲ್ಲ ನಮ್ಮ ಶುಭಸಂದೇಶಗಳಲ್ಲೇ ಇವೆ. ಯಾರೋ ಆಮೇಲೆ ಯೇಸುವನ್ನು ದೇವರನ್ನಾಗಿ ಮಾಡಿದ್ದರೆ ಮೊದಲು ಇವನ್ನು ಅಳಿಸಿಹಾಕುತ್ತಿದ್ದರು. ಧರ್ಮಸಭೆ ಒಂದನ್ನೂ ಅಳಿಸಲಿಲ್ಲ. 451ರಲ್ಲಿ ಕಾಲ್ಸೆಡೋನ್ ಸಭೆ ಎರಡನ್ನೂ ಒಟ್ಟಿಗೆ ಹಿಡಿಯಿತು: ಒಬ್ಬರೇ ವ್ಯಕ್ತಿ, ನಿಜ ದೇವರು, ನಿಜ ಮನುಷ್ಯ. ಹಾಲಿಗೆ ನೀರು ಬೆರೆಸಿದಂತೆ ಅರ್ಧರ್ಧ ಅಲ್ಲ. ದಾವೀದನ ಮಗನೂ ಹೌದು, ದಾವೀದನ ಒಡೆಯನೂ ಹೌದು.

ನಮ್ಮ ನೆರೆಯ ಹಿಂದೂ ಬಂಧುಗಳ ಮಾತು ಬೇರೆ. "ನಿಮ್ಮ ಯೇಸುವೂ ಒಂದು ಅವತಾರವೇ ಬಿಡಿ" ಎಂದು ಅವರು ಪ್ರೀತಿಯಿಂದಲೇ ಹೇಳುತ್ತಾರೆ. ನಾವೂ 'ಮನುಷ್ಯಾವತಾರ' ಎಂಬ ಪದವನ್ನೇ ಬಳಸುತ್ತೇವಾದ್ದರಿಂದ ಗೊಂದಲ ಸಹಜ. ಪ್ರೀತಿಗೆ ಪ್ರೀತಿಯಿಂದಲೇ ವ್ಯತ್ಯಾಸ ಹೇಳಬಹುದು. ಅವತಾರಗಳು ಯುಗಯುಗಕ್ಕೂ ಬರುತ್ತವೆ ಎಂದು ಅವರ ನಂಬಿಕೆ. ನಾವು ನಂಬುವುದು ಒಂದೇ ಸಲ, ಪೊಂತಿಯ ಪಿಲಾತನೆಂಬ ಅಧಿಕಾರಿಯ ಕಾಲದಲ್ಲಿ ನಡೆದದ್ದನ್ನು. ಕೆಲಸ ಮುಗಿದ ಮೇಲೆ ಮಗನು ಮಾನವ ದೇಹವನ್ನು ಕಳಚಿಹಾಕಲಿಲ್ಲ. ಮೊಳೆಯ ಗುರುತಿರುವ ದೇಹದೊಡನೆ ಎದ್ದರು. ತೋಮಾಸನು "ನನ್ನ ದೇವರೇ" ಎಂದು ಕರೆದದ್ದು ಆ ಗಾಯಗಳನ್ನು ಕಂಡಾಗ (ಯೊವಾನ್ನ 20:28). ಇಂದಿಗೂ ಅವರು ಮನುಷ್ಯರೇ, ಮರಿಯಮ್ಮನವರ ಮಗನೇ.

ಮನೆಯ ಗೋಡೆಯ ಮೇಲಿನ ಶಿಲುಬೆ

ಇಷ್ಟೆಲ್ಲ ತರ್ಕ ನಮಗೇಕೆ ಎಂದು ಕೇಳಬಹುದು. ಆಸ್ಪತ್ರೆಯಲ್ಲಿ ಮಗುವಿನ ಹಾಸಿಗೆಯ ಪಕ್ಕ ರಾತ್ರಿಯಿಡೀ ಕುಳಿತ ತಾಯಿಯ ಕೈಯಲ್ಲಿ ಒಂದು ಜಪಸರ, ಅದರ ತುದಿಯಲ್ಲಿ ಒಂದು ಶಿಲುಬೆ. ಆ ಶಿಲುಬೆಯ ಮೇಲಿರುವವರು ಬರೀ ಒಳ್ಳೆಯ ಮನುಷ್ಯರೋ ದೊಡ್ಡ ಪ್ರವಾದಿಯೋ ಆಗಿದ್ದರೆ, ದೇವರು ದೂರ ನಿಂತು ಬೇರೆ ಯಾರನ್ನೋ ನೋವಿಗೆ ಕಳುಹಿಸಿದರು ಎಂದಾಗುತ್ತದೆ. ನಮ್ಮ ನೋವು ಅವರಿಗೆ ಕೇಳಿ ತಿಳಿದ ವಿಷಯವಾಗುತ್ತದೆ, ಅಷ್ಟೇ. ನೈಸಿಯಾದ ವಿಶ್ವಾಸ ನಿಜವಾದರೆ, ಅಲ್ಲಿ ಮೊಳೆ ಹೊಡೆಸಿಕೊಂಡ ಕೈ ದೇವರದೇ. ಅಥನಾಸಿಯಸರು ಹಟ ಹಿಡಿದದ್ದೂ ಇದಕ್ಕಾಗಿ. ಸೃಷ್ಟಿಯೊಂದು ಇನ್ನೊಂದು ಸೃಷ್ಟಿಯನ್ನು ದೇವರೊಡನೆ ಸೇರಿಸಲಾರದು. ಮುಳುಗುತ್ತಿರುವವನನ್ನು ಎತ್ತಬೇಕಾದವನ ಕಾಲು ದಡದ ಮೇಲಿರಬೇಕು.

ಮುಂದಿನ ಭಾನುವಾರ ವಿಶ್ವಾಸ ಪ್ರಮಾಣ ಹೇಳುವಾಗ ಗಮನಿಸಿ. ಮಗನು ಮರಿಯಮ್ಮನವರಲ್ಲಿ ಮನುಷ್ಯರಾದರು ಎಂಬ ಸಾಲಿಗೆ ಬಂದಾಗ ನಾವೆಲ್ಲ ತಲೆಬಾಗಬೇಕೆಂದು ಪೂಜಾವಿಧಿ ಹೇಳುತ್ತದೆ. ಕ್ರಿಸ್ತಜಯಂತಿಯಂದು ಮತ್ತು ದೇವದೂತನು ಮರಿಯಮ್ಮನವರಿಗೆ ಮಂಗಳವಾರ್ತೆ ತಂದ ಹಬ್ಬದಂದು ಮೊಣಕಾಲೂರಬೇಕೆಂದು ಹೇಳುತ್ತದೆ. ನಮ್ಮಲ್ಲಿ ಅನೇಕರು ಆ ಸಾಲನ್ನು ರೈಲು ತಪ್ಪುತ್ತದೆಂಬಂತೆ ಓಡಿಸಿಬಿಡುತ್ತೇವೆ. ನಾನೂ ಓಡಿಸಿದ್ದೇನೆ. ಮಕ್ಕಳು ಪಕ್ಕದಲ್ಲಿದ್ದರೆ ಏಕೆ ತಲೆಬಾಗುತ್ತೇವೆಂದು ಮನೆಗೆ ಹೋಗುವ ದಾರಿಯಲ್ಲಿ ಹೇಳಿ.

ಆ ತಾಯಿಯ ಮನೆಗೆ ಮೊನ್ನೆ ಹೋಗಿದ್ದೆ. ಮಾರ್ಕ 2, ಮಾರ್ಕ 12, ಮಾರ್ಕ 14, ಯೆಶಾಯ 45, ಫಿಲಿಪ್ಪಿ 2 ಎಂದು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. "ಶುಕ್ರವಾರ ರಜೆ, ಅವನೇ ಫೋನ್ ಮಾಡ್ತಾನೆ" ಎಂದರು. ಹಾಳೆಯನ್ನು ಮಡಿಸಿ ಫೋನಿನ ಕೆಳಗೆ ಇಟ್ಟುಕೊಂಡು, ಒಂದು ಕ್ಷಣ ಬಿಟ್ಟು ಕೇಳಿದರು: "ಮೇಷ್ಟ್ರೇ, ಆ ಹುಡುಗನ ಹತ್ರ ಜಗಳ ಆಡ್ಬೇಡ ಅಂತಾನೂ ಹೇಳ್ಲಾ? ಗಂಜಿ ಮಾಡಿಕೊಟ್ಟವನು." ಅದನ್ನೇ ಮೊದಲು ಹೇಳಿ ಅಮ್ಮಾ ಎಂದೆ.